ಇದ್ದಿಲಿನ ಕೆಟಲ್ ಗ್ರಿಲ್ ಮುಚ್ಚಳ ಸರಿಯಾಗಿ ಕೂರುತ್ತಿಲ್ಲವೇ? ಬಾಗಿಸುವುದೋ, ಗ್ಯಾಸ್ಕೆಟ್ ಅಂಟಿಸುವುದೋ
ಮೊದಲು ಮುಚ್ಚಳದ ವ್ಯಾಸವನ್ನು ಅಡ್ಡಕ್ಕೂ ಉದ್ದಕ್ಕೂ ಅಳೆಯಿರಿ. ಕೆಳಗಿನ ಬೋಗುಣಿಯನ್ನೂ ಬಿಡಬೇಡಿ. ಕಾಲು ಬಿಗಿಯುವಾಗ ಅದೇ ಸೊಟ್ಟಗಾಗಿರಬಹುದು.

ಎರಡು ಅಳತೆಗೂ 4–5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬಾಗಿಸುವುದೇ ಸರಿ, ಖರ್ಚೂ ಇಲ್ಲ. ತಣ್ಣಗಿರುವ ಮುಚ್ಚಳವನ್ನು ದಪ್ಪ ಬಟ್ಟೆಯ ಮೇಲೆ, ಹೆಚ್ಚು ಅಳತೆಯ ಬದಿ ಮೇಲೆ-ಕೆಳಗೆ ಬರುವಂತೆ ಅಂಚಿನ ಮೇಲೆ ನಿಲ್ಲಿಸಿ. ಅಂಗೈಯಿಂದ ಒತ್ತಿ, ಬಿಟ್ಟು, ಮತ್ತೆ ಅಳೆಯಿರಿ. ಅವಸರ ಬೇಡ. ಮುಚ್ಚಳದ ಮೇಲಿನ ಎನಾಮಲ್ ಎಂದರೆ ಗಾಜಿನ ಪದರ: ಸುತ್ತಿಗೆ ಬಿದ್ದರೆ ಚಕ್ಕೆ ಏಳುತ್ತದೆ, ಅಲ್ಲಿಂದಲೇ ತುಕ್ಕು ಹಿಡಿಯುತ್ತದೆ.

ಆಕಾರ ದುಂಡಗೇ ಇದ್ದು ಸುತ್ತಲೂ ಸಣ್ಣ ಸಂದಿದ್ದರೆ ಗ್ಯಾಸ್ಕೆಟ್ ಪಟ್ಟಿ ಸಾಕು. 57 ಸೆಂ.ಮೀ. ಗ್ರಿಲ್‌ಗೆ ಸುಮಾರು 180 ಸೆಂ.ಮೀ. ಬೇಕು. ಅಂಚಿನ ಜಿಡ್ಡನ್ನು ಸ್ಪಿರಿಟ್‌ನಿಂದ ಪೂರ್ತಿ ಒರೆಸದಿದ್ದರೆ ಮೊದಲ ಬೆಂಕಿಗೇ ಪಟ್ಟಿ ಕಳಚುತ್ತದೆ. ತುದಿಗಳನ್ನು ಒಂದರ ಮೇಲೊಂದು ಹಾಕಬೇಡಿ, ಅಲ್ಲಿ ಗಂಟಾಗಿ ಹೊಸ ಸಂದು ಹುಟ್ಟುತ್ತದೆ. ಫೆಲ್ಟ್ ಪಟ್ಟಿ ಜೋರು ಉರಿಗೆ ಸುಡುತ್ತದೆ. ಗಾಜಿನ ನಾರಿನದು ಹೆಚ್ಚು ಶಾಖ ತಡೆಯುತ್ತದೆ. ಸೊಟ್ಟ ಮುಚ್ಚಳಕ್ಕೆ ಮಾತ್ರ ಪಟ್ಟಿ ಹಚ್ಚಿ ಮುಚ್ಚಿಹಾಕಬೇಡಿ, ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲವಾಗಿಯೇ ಉಳಿಯುತ್ತದೆ.

ಅಂಚಿನಲ್ಲಿ ಎಳೆಹೊಗೆ ಕಂಡರೆ ಚಿಂತೆಯಿಲ್ಲ. ಮೇಲಿನ, ಕೆಳಗಿನ ಗಾಳಿಕಿಂಡಿಗಳನ್ನು ಮುಚ್ಚಿದ ಮೇಲೂ ಕೆಂಡ ಗಂಟೆಗಟ್ಟಲೆ ನಿಗಿನಿಗಿ ಎನ್ನುತ್ತಿದ್ದರೆ ಮಾತ್ರ ರಿಪೇರಿಗೆ ಕೈಹಾಕಿ.