ಮಕ್ಕಳ ವಾರ್ಡ್: ಚಿಕಿತ್ಸೆ ಉತ್ತಮ, ಡಿಸ್ಚಾರ್ಜ್ ಸಲಹೆ ಅಪೂರ್ಣ

ತೀವ್ರ ಆಸ್ತಮಾದಿಂದಾಗಿ ನಮ್ಮ ಮಗನನ್ನು ದಾಖಲಿಸಿದ್ದ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಮಕ್ಕಳ ವಿಭಾಗದ ಕುರಿತು ಈ ಅಭಿಪ್ರಾಯ. ನೆಬ್ಯುಲೈಸರ್ ಕೊಟ್ಟ ಮೇಲೂ ಎದೆನೋವು ಎನ್ನುತ್ತಿದ್ದ ಅವನ ಕತ್ತು ಊದಿಕೊಂಡಿದ್ದನ್ನು ಮೊದಲು ಗಮನಿಸಿದವರು ರಾತ್ರಿ ಪಾಳಿಯ ನರ್ಸ್. ಕತ್ತಿನ ಬುಡದ ಚರ್ಮವನ್ನು ಮೆಲ್ಲಗೆ ಒತ್ತಿದಾಗ ಬೆರಳಿನಡಿ ಚರಚರ ಎಂದದ್ದರಿಂದ ಅವರು ತಡಮಾಡದೆ ವೈದ್ಯರನ್ನು ಕರೆಸಿದರು.

ಎದೆಯ ಎಕ್ಸ್-ರೇ ತೋರಿಸಿ ವೈದ್ಯರು ವಿವರಿಸಿದ ರೀತಿ ಮೆಚ್ಚತಕ್ಕದ್ದು. ಕಿರಿದಾದ ಶ್ವಾಸನಾಳಗಳ ಹಿಂದೆ ಸಿಕ್ಕಿಬಿದ್ದ ಗಾಳಿಯ ಒತ್ತಡಕ್ಕೆ ಶ್ವಾಸಕೋಶದ ಸೂಕ್ಷ್ಮ ಗಾಳಿಚೀಲಗಳು ಒಡೆದು, ಆ ಗಾಳಿ ರಕ್ತನಾಳಗಳ ಹೊರಪದರದ ಗುಂಟ ಹೃದಯದ ಸುತ್ತಲಿನ ಜಾಗಕ್ಕೂ ಅಲ್ಲಿಂದ ಕತ್ತಿನ ಚರ್ಮದಡಿಗೂ ಹರಿದಿದೆ, ಇದನ್ನು ನ್ಯೂಮೋಮೀಡಿಯಾಸ್ಟಿನಮ್ ಎನ್ನುತ್ತಾರೆ, ಇದು ಅಪರೂಪವಾದರೂ ಹೆಚ್ಚಿನ ಮಕ್ಕಳಲ್ಲಿ ತಾನಾಗಿಯೇ ಇಂಗಿಹೋಗುತ್ತದೆ ಎಂದರು. ಶ್ವಾಸಕೋಶದ ಹೊರಗೆ ಗಾಳಿ ತುಂಬಿ ಅದು ಕುಸಿಯುವ ನ್ಯೂಮೋಥೊರಾಕ್ಸ್ ಆಗಿದ್ದರೆ ಎದೆಗೆ ಕೊಳವೆ ಹಾಕಬೇಕಾಗಬಹುದಿತ್ತಂತೆ. ಇವನಿಗೆ ಆಮ್ಲಜನಕ, ವಿಶ್ರಾಂತಿ, ನೋವಿನ ಔಷಧ ಹಾಗೂ ಆಸ್ತಮಾ ಚಿಕಿತ್ಸೆಯೇ ಸಾಕಾಯಿತು; ಅನವಶ್ಯಕವಾಗಿ ಸಿ.ಟಿ. ಸ್ಕ್ಯಾನ್ ಬರೆಯದಿದ್ದುದು, ಇಂದಿನ ದಿನಗಳಲ್ಲಿ, ವಿಶೇಷವೇ ಸರಿ.

ಬಿಲ್ಲಿಂಗ್ ಎಲ್ಲ ಕಡೆಯಂತೆ ನಿಧಾನ. ಆದರೆ ಡಿಸ್ಚಾರ್ಜ್ ಸಮ್ಮರಿಯಲ್ಲಿ ವಿಮಾನ ಪ್ರಯಾಣದ ಬಗ್ಗೆಯಾಗಲಿ, ಕೊಳಲು ಕಲಿಯುತ್ತಿರುವ ಹುಡುಗ ಮತ್ತೆ ಯಾವಾಗ ಊದಬಹುದೆಂಬ ಬಗ್ಗೆಯಾಗಲಿ ಒಂದು ಸಾಲೂ ಇರಲಿಲ್ಲ. ಇಂಥ ಪ್ರಕರಣದಲ್ಲಿ ಇವೆರಡನ್ನೂ ಕೆಲವು ವಾರ ತಪ್ಪಿಸಬೇಕೆಂಬುದು ನಾವಾಗಿಯೇ ಕೇಳಿದ ಮೇಲಷ್ಟೇ ತಿಳಿಯಿತು. ಇನ್‌ಹೇಲರ್‌ಗೆ ಜೋಡಿಸುವ ಕೊಳವೆಯಂಥ ಸಾಧನವಾದ ಸ್ಪೇಸರ್ ಬಳಸುವ ಕ್ರಮವನ್ನು ಮಾತ್ರ ನರ್ಸ್ ಮಗನ ಕೈಯಲ್ಲೇ ಮಾಡಿಸಿ, ತಪ್ಪು ತಿದ್ದಿ ಕಳುಹಿಸಿದರು. ಐದರಲ್ಲಿ ನಾಲ್ಕು ನಕ್ಷತ್ರ.