‘ಲಿಖಿತ ಅನುಮತಿ ಸಹಿತ’ ಎಂಬ ಮಾತು ನಂಬಿ 4,600 ರೂಪಾಯಿ ಕೊಟ್ಟೆ: ಫೋಟೋ ಪ್ರವಾಸಕ್ಕೆ ಹಣ ಕಟ್ಟುವ ಮೊದಲು ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ, ನಾನು ಮೂವತ್ತನಾಲ್ಕು ವರ್ಷ ಸರ್ಕಾರಿ ಕಚೇರಿಯ ಟಪಾಲು ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಬಂದ ಅರ್ಜಿಗಳ ಮೇಲೆ ಸ್ವೀಕೃತಿ ಮೊಹರು ಒತ್ತುವುದು, ದಿನಾಂಕ ಹಾಕುವುದು, ಇನ್‌ವರ್ಡ್ ನಂಬರ್ ಬರೆದು ಒಳಗೆ ಕಳುಹಿಸುವುದು, ಇದೇ ನನ್ನ ಕೆಲಸವಾಗಿತ್ತು. ಮುಂದಿನದನ್ನು ಓದಿದವರು ‘ನಿಮಗೇ ಇಷ್ಟು ಗೊತ್ತಾಗಲಿಲ್ಲವೇ’ ಎಂದು ಕೇಳುತ್ತೀರಿ. ಕೇಳಿ. ಆ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳುತ್ತ ಎರಡು ತಿಂಗಳಾಯಿತು. ಮನೆಯಲ್ಲಿ ಮಗನಿಗೆ ಇವತ್ತಿಗೂ ಪೂರ್ತಿ ವಿಷಯ ಹೇಳಿಲ್ಲ. ಆದರೆ ಫೋಟೋ ಪ್ರವಾಸದ ಹೆಸರಿನಲ್ಲಿ ನನ್ನಿಂದ ಹಣ ತೆಗೆದುಕೊಂಡ ಮನುಷ್ಯ ಈಗ ಮತ್ತೊಂದು ಪ್ರವಾಸದ ಪೋಸ್ಟರ್ ಹೊರಡಿಸಿರುವುದರಿಂದ ಇನ್ನು ಸುಮ್ಮನಿರುವುದು ಸರಿಯಲ್ಲ ಎನ್ನಿಸಿ ಬರೆಯುತ್ತಿದ್ದೇನೆ.

ಪಾಳುಬಿದ್ದ ಕಟ್ಟಡಗಳನ್ನೂ ಜಾತ್ರೆಗಳನ್ನೂ ಚಿತ್ರ ತೆಗೆಯುವುದು ನನ್ನ ಹವ್ಯಾಸ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನು ತಪ್ಪಿಸಿದವಳಲ್ಲ. ಜಾತ್ರೆಗೆ ಯಾರ ಜೊತೆಯೂ ಬೇಕಾಗಿಲ್ಲ. ಪಾಳು ಕಟ್ಟಡದ ಮಾತು ಬೇರೆ. ಅರವತ್ತು ದಾಟಿದ ಹೆಂಗಸು ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಒಬ್ಬಳೇ ಮುರಿದ ಬಾಗಿಲ ಒಳಗೆ ಕಾಲಿಡಲಾಗುವುದಿಲ್ಲ, ಹಾವು ಇರುತ್ತದೆ, ಕುಡುಕರಿರುತ್ತಾರೆ, ಯಾವ ಮೆಟ್ಟಿಲು ಯಾವಾಗ ಕುಸಿಯುತ್ತದೋ ತಿಳಿಯದು. ಆದ್ದರಿಂದಲೇ ಗುಂಪಿನಲ್ಲಿ ಹೋಗುವುದು, ಆದ್ದರಿಂದಲೇ ಗುಂಪು ಕಟ್ಟಿ ಕರೆದೊಯ್ಯುವವರಿಗೆ ನಾಲ್ಕು ಕಾಸು ಹೆಚ್ಚು ಕೊಡಲು ಒಪ್ಪುವುದು. ಈ ಭಯವೇ ಅವರ ಬಂಡವಾಳ ಎಂಬುದು ನನಗೆ ಆಮೇಲೆ ಹೊಳೆಯಿತು.

ಕಳೆದ ಡಿಸೆಂಬರ್ ಮೊದಲ ವಾರ ವಾಟ್ಸ್‌ಆಪ್‌ನಲ್ಲಿ ಒಂದು ಪೋಸ್ಟರ್ ಬಂದಿತು. ಶನಿವಾರ ಕೋಲಾರ ಚಿನ್ನದ ಗಣಿ, ಭಾನುವಾರ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ. ಕೆಳಗೆ ಕೆಂಪಕ್ಷರದಲ್ಲಿ ‘ಗಣಿ ಕಟ್ಟಡದ ಒಳಗೆ 3 ಗಂಟೆ, ಲಿಖಿತ ಅನುಮತಿ ಸಹಿತ’ ಎಂದಿತ್ತು. ನನ್ನನ್ನು ಕೆಡಿಸಿದ್ದು ಆ ಕೊನೆಯ ಮೂರು ಪದ. ಕೆಜಿಎಫ್‌ಗೆ ಹೋದವರಿಗೆ ಗೊತ್ತು, ಊರೊಳಗೆ ಯಾರು ಬೇಕಾದರೂ ಓಡಾಡಬಹುದು, ಬ್ರಿಟಿಷರ ಕಾಲದ ಬಂಗಲೆಗಳನ್ನು ರಸ್ತೆಯಿಂದ ನೋಡಬಹುದು. ಆದರೆ ಗಣಿಯ ಆವರಣಕ್ಕೆ ಕಾವಲಿದೆ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ತೋಡಲು ಆರಂಭಿಸಿದ ಆ ಗಣಿಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, 2001ರ ಫೆಬ್ರವರಿ 28ರಂದು ಮುಚ್ಚಿದವು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಬೆಂಗಳೂರಿಗಿಂತ ಮೊದಲು ಹೋದದ್ದು ಅಲ್ಲಿಗೆ. ಕಾರ್ಮಿಕರ ಪಂಜರವನ್ನು ಇಳಿಸಿ ಏರಿಸುತ್ತಿದ್ದ ಯಂತ್ರದ ಕೋಣೆ ಈಗ ಹೇಗಿರಬಹುದು, ಒಡೆದ ಗಾಜಿನಿಂದ ಬೆಳಗಿನ ಬೆಳಕು ಆ ಚಕ್ರದ ಮೇಲೆ ಹೇಗೆ ಬೀಳಬಹುದು ಎಂದು ನಾನು ವರ್ಷಗಳಿಂದ ಕಲ್ಪಿಸಿಕೊಂಡಿದ್ದೆ. ಅನುಮತಿ ಇದೆ ಎಂದರೆ ಇನ್ನೇನು ಬೇಕು.

ತಲೆಗೆ 4,600 ರೂಪಾಯಿ. ಅದರಲ್ಲಿ 2,600 ವಾಹನ ಮತ್ತು ಊಟಕ್ಕೆ, 2,000 ‘ಪರ್ಮಿಷನ್ ಚಾರ್ಜ್’. ಆ ಎರಡು ಸಾವಿರದ ಬಗ್ಗೆ ಅನುಮಾನ ಬಂದು ಫೋನ್ ಮಾಡಿ ಕೇಳಿದೆ. “ಮೇಡಂ, ಲೆಟರ್ ಕೈಯಲ್ಲಿದೆ ಮೇಡಂ. ನೀವು ಬ್ಯಾಟರಿ ಚಾರ್ಜ್ ಮಾಡ್ಕೊಂಡು ಬನ್ನಿ ಸಾಕು, ಉಳಿದಿದ್ದು ನನಗೆ ಬಿಡಿ” ಎಂದ. ಐದು ನಿಮಿಷದಲ್ಲಿ ಲೆಟರಿನ ಚಿತ್ರವೂ ಬಂದಿತು. ಚಿತ್ರ ಎಂದರೆ ಪುಟದ ಕೆಳಗಿನ ಅರ್ಧ ಮಾತ್ರ. ಒಂದು ದುಂಡು ಮೊಹರು, ಒಂದು ಸಹಿ, ಒಂದು ದಿನಾಂಕ. ಮೇಲಿನ ಅರ್ಧವನ್ನು ನಾನು ಕೇಳಲಿಲ್ಲ. ಮೊಹರು ನೋಡಿದ ಕೂಡಲೇ ಗೂಗಲ್ ಪೇಯಲ್ಲಿ ಹಣ ಹಾಕಿದೆ. ಮೂವತ್ತನಾಲ್ಕು ವರ್ಷ ಮೊಹರು ಒತ್ತಿದವಳು ಮೊಹರು ನೋಡಿಯೇ ಮೋಸಹೋದೆ.

ಶನಿವಾರ ಬೆಳಗಿನ ಐದು ಗಂಟೆಗೆ ಕೆ.ಆರ್. ಪುರದಿಂದ ಟೆಂಪೋ ಟ್ರಾವೆಲರ್ ಹೊರಟಿತು. ನಾವು ಹದಿಮೂರು ಮಂದಿ. ಹೊಸಕೋಟೆ ದಾಟಿ ಇಡ್ಲಿ ತಿಂದು ಎಂಟೂವರೆಯ ಹೊತ್ತಿಗೆ ಗಣಿ ಗೇಟಿನ ಮುಂದೆ ಇಳಿದೆವು. ಒಳಗೆ, ಗಣಿಬಾಯಿಯ ಮೇಲಿನ ಕಬ್ಬಿಣದ ಗೋಪುರ ಮಂಜಿನಲ್ಲಿ ಅರ್ಧ ಕಾಣುತ್ತಿತ್ತು. ನಾನು ಆಗಲೇ ಲೆನ್ಸ್ ಬದಲಿಸಿಕೊಂಡು ಸಿದ್ಧಳಾಗಿದ್ದೆ. ಆತ ಪ್ಲಾಸ್ಟಿಕ್ ಫೈಲಿನಿಂದ ಕಾಗದ ತೆಗೆದು ಕಾವಲುಗಾರರ ಕೈಗೆ ಕೊಟ್ಟ. ವಯಸ್ಸಾದ ಮನುಷ್ಯ, ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. ಓದಿ, ಕಾಗದವನ್ನು ಆತನಿಗೆ ಕೊಡದೆ, ಪಕ್ಕದಲ್ಲಿ ನಿಂತಿದ್ದ ನನಗೆ ಕೊಟ್ಟರು. ಗುಂಪಿನಲ್ಲಿ ನಾನೇ ಹಿರಿಯಳಾದ್ದರಿಂದ ಇರಬೇಕು. ತಮಿಳು ಬೆರೆತ ಕನ್ನಡದಲ್ಲಿ, ಬಹಳ ಮರ್ಯಾದೆಯಿಂದ ಹೇಳಿದರು: “ಅಮ್ಮಾ, ಇದು ನೀವು ಬರೆದ ಅರ್ಜಿ. ಆಫೀಸಿಂದ ಬಂದ ಉತ್ತರ ಎಲ್ಲಿ?”

ನಾನು ಕಾಗದ ನೋಡಿದೆ. ಮೇಲೆ ‘ಇಂದ’, ಅದರ ಕೆಳಗೆ ‘ಇವರಿಗೆ’, ವಿಷಯದಲ್ಲಿ ಛಾಯಾಗ್ರಹಣಕ್ಕೆ ಅನುಮತಿ ಕೋರಿ. ಕೋರಿ! ಕೆಳಗಿನ ದುಂಡು ಮೊಹರು ಸ್ವೀಕೃತಿ ಮೊಹರು. ಆ ಸಹಿ ಟಪಾಲು ತೆಗೆದುಕೊಂಡ ಗುಮಾಸ್ತರ ಚಿಕ್ಕ ಸಹಿ. ಅಂಥ ಸಹಿಯನ್ನು ನಾನು ನನ್ನ ಜೀವನದಲ್ಲಿ ಎಷ್ಟು ಸಾವಿರ ಸಲ ಹಾಕಿದ್ದೇನೋ ಲೆಕ್ಕವಿಲ್ಲ. ನಿಮ್ಮ ಅರ್ಜಿ ಬಂದಿದೆ ಎಂಬುದಕ್ಕಿಂತ ಒಂದಕ್ಷರ ಹೆಚ್ಚಿನ ಅರ್ಥ ಅದಕ್ಕಿಲ್ಲ ಎಂದು ಕಿಟಕಿಯ ಆಚೆ ನಿಂತವರಿಗೆ ನಾನೇ ಎಷ್ಟೋ ಸಲ ಗದರಿ ಹೇಳಿದ್ದೇನೆ. ಆ ಗೇಟಿನ ಮುಂದೆ ನಾನು ಕಿಟಕಿಯ ಆಚೆ ನಿಂತಿದ್ದೆ. ಕಿವಿಯೆಲ್ಲ ಬಿಸಿಯಾಯಿತು. ಕಾವಲುಗಾರರ ಮುಖ ನೋಡಲಾಗಲಿಲ್ಲ, ಅವರು ನನ್ನನ್ನೇ ಈ ಗುಂಪಿನ ಯಜಮಾನಿ ಎಂದುಕೊಂಡಿದ್ದರು. ಒಂದು ಮೊಹರಿಗೆ ಹದಿಮೂರು ಮಂದಿಯಿಂದ ಎರಡೆರಡು ಸಾವಿರ, ಒಟ್ಟು 26,000 ರೂಪಾಯಿ. ಟಪಾಲು ವಿಭಾಗದಲ್ಲಿ ಅರ್ಜಿಯ ಮೇಲೆ ಆ ಮೊಹರು ಒತ್ತುವುದಕ್ಕೆ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ.

ಆತ ಸ್ವಲ್ಪವೂ ಅಳುಕಲಿಲ್ಲ. ಬದಿಗೆ ಹೋಗಿ ಯಾರಿಗೋ ಫೋನ್ ಮಾಡಿದಂತೆ ಮಾಡಿ ಬಂದು, “ಮೇಡಂ, ಆಫೀಸರ್ ಲೀವಲ್ಲಿದ್ದಾರಂತೆ. ನೋ ಪ್ರಾಬ್ಲಮ್, ಇದಕ್ಕಿಂತ ಸೂಪರ್ ಲೊಕೇಶನ್ ಇದೆ” ಎಂದು ಎಲ್ಲರನ್ನೂ ವಾಹನ ಹತ್ತಿಸಿದ. ಆ ಸೂಪರ್ ಲೊಕೇಶನ್ ಸೈನೈಡ್ ಗುಡ್ಡ. ಅದಿರು ಪುಡಿಮಾಡಿ ಸೈನೈಡಿನಿಂದ ಚಿನ್ನ ತೆಗೆದ ಮೇಲೆ ಉಳಿದ ಬೂದಿಬಣ್ಣದ ಮಣ್ಣಿನ ರಾಶಿ, ಸಿನಿಮಾದವರು ಎಷ್ಟೋ ಸಲ ಚಿತ್ರೀಕರಿಸಿದ ಜಾಗ. ಅಲ್ಲಿ ಊರ ಹುಡುಗರು ಬೈಕ್ ಓಡಿಸುತ್ತಿದ್ದರು. ಅವರಲ್ಲಿ ಯಾರೂ ಎರಡು ಸಾವಿರ ಕೊಟ್ಟು ಬಂದವರಲ್ಲ. ಬಿಸಿಲು ನೆತ್ತಿಗೇರಿತ್ತು, ಬೆಳಕು ಚಪ್ಪಟೆಯಾಗಿತ್ತು, ಒಂದು ಚಿತ್ರವೂ ನೆಟ್ಟಗೆ ಬರಲಿಲ್ಲ. ನನ್ನ ಮನಸ್ಸೂ ಅಲ್ಲಿರಲಿಲ್ಲ ಎನ್ನಿ.

ಭಾನುವಾರ ಘಾಟಿಗೆ ಹೋಗಲೇಬಾರದಿತ್ತು. ಕೊಟ್ಟ ಹಣ ಪೂರ್ತಿ ವ್ಯರ್ಥವಾಗಬಾರದೆಂಬ ಜಿಪುಣತನದಿಂದ ಹೋದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಈ ಜಾತ್ರೆಯ ವಿಷಯ ನಿಮಗೆ ಹೇಳಬೇಕಾಗಿಲ್ಲ. ಪುಷ್ಯ ಮಾಸದ ರಥೋತ್ಸವದ ಆಸುಪಾಸಿನಲ್ಲಿ ಸೇರುವ ಹಳ್ಳಿಕಾರ್ ಎತ್ತುಗಳನ್ನು ನೋಡುವುದೇ ಒಂದು ಭಾಗ್ಯ. ಶಾಮಿಯಾನದ ಕೆಳಗೆ ಕಟ್ಟಿದ ಜೋಡಿಗಳು, ಕೊಂಬಿಗೆ ಕೊಂಬಣಸು, ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವ ದಲ್ಲಾಳಿಗಳು. ಕೊಳ್ಳುವವನು ಸುಳಿ ನೋಡುತ್ತಾನೆ, ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ, ಆಮೇಲೆ ಟವೆಲ್ಲಿನೊಳಗೆ ಕೈ ಹಾಕುತ್ತಾನೆ. ನಾನು ಹಲ್ಲೂ ನೋಡದೆ ಹಣ ಎಣಿಸಿದ್ದೆ.

ಒಬ್ಬ ಅಜ್ಜ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು. ಹಿಂದಿನಿಂದ ಎಳೆಬಿಸಿಲು, ಹುಲ್ಲಿನ ಧೂಳು. ಅನುಮತಿ ಕೇಳಿ ಆರೇಳು ಚಿತ್ರ ತೆಗೆದೆ. ಮುಗಿದ ಮೇಲೆ ಅಜ್ಜ ಕೈ ಚಾಚಿ, “ನಿಮ್ಮ ಹುಡುಗ ಆಗಲೇ ಬಂದು ಹೇಳಿ ಹೋದ್ನಲ್ಲವ್ವ, ಫೋಟೋ ತೆಗೆಯೋರು ತಲಾ ನೂರು ಕೊಡ್ತಾರೆ ಅಂತ” ಎಂದರು. ಪೋಸ್ಟರಿನಲ್ಲಿ ‘ಸಹಜ ಗ್ರಾಮೀಣ ಕ್ಷಣಗಳು’ ಎಂದಿತ್ತು, ನೆನಪಿರಲಿ. ಅಜ್ಜನ ತಪ್ಪೇನೂ ಇಲ್ಲ, ನೂರು ಕೊಟ್ಟೆ, ಪ್ರಿಂಟ್ ತಂದುಕೊಡುತ್ತೇನೆಂದು ಊರಿನ ಹೆಸರು ಬರೆದುಕೊಂಡೆ. ಆದರೆ ಹದಿಮೂರು ಕ್ಯಾಮೆರಾಗಳ ಮುಂದೆ ಅದೇ ಎತ್ತಿನ ಬಾಯಿಯನ್ನು ಅಜ್ಜ ಮತ್ತೆ ಮತ್ತೆ ಬಿಡಿಸುವುದನ್ನು ನೋಡಿದಾಗ ನನ್ನ ಚಿತ್ರವೂ ನನಗೆ ಸುಳ್ಳೆನಿಸಿತು.

ಸೋಮವಾರ ಬೆಳಗ್ಗೆ ಎರಡು ಸಾವಿರ ವಾಪಸು ಕೇಳಿ ಸಂದೇಶ ಕಳುಹಿಸಿದೆ. ವಾಹನದ್ದನ್ನೂ ಊಟದ್ದನ್ನೂ ಕೇಳಲಿಲ್ಲ, ಅನುಮತಿಯದ್ದು ಮಾತ್ರ. ಬಂದ ಉತ್ತರಗಳನ್ನು ಅಕ್ಷರಶಃ ಕೊಡುತ್ತೇನೆ. ಮೊದಲನೆಯದು: “ಮೇಡಂ, ಪರ್ಮಿಷನ್ ಇದೆ ಅಂತ ನಾನು ಎಲ್ಲೂ ಹೇಳಿಲ್ಲ, ಪರ್ಮಿಷನ್ ಲೆಟರ್ ಇದೆ ಅಂದಿದ್ದೆ.” ಪೋಸ್ಟರಿನ ಕೆಂಪಕ್ಷರಗಳ ಚಿತ್ರ ಕಳುಹಿಸಿದೆ. ಎರಡನೆಯದು: “ಅದು ಡಿಸೈನ್ ಮಾಡಿದ ಹುಡುಗನ ಮಿಸ್ಟೇಕ್.” ಸರಿ, ಹಾಗಾದರೆ ಎರಡು ಸಾವಿರ ಯಾವುದಕ್ಕೆ ಎಂದು ಕೇಳಿದೆ. ಎರಡು ದಿನ ಮೌನ. ಮೂರನೆಯ ದಿನ: “ಪ್ರೋಸೆಸಿಂಗ್‌ಗೆ ಓಡಾಡಿದ ಖರ್ಚು ಇರತ್ತೆ ಆಂಟಿ. ನೀವು ನಾಲ್ಕು ನೂರು ಫೋಟೋ ತೆಗೆದಿದ್ದೀರಲ್ಲ, ಎಂಜಾಯ್ ಮಾಡಿದ್ದೀರಲ್ಲ.” ಗಮನಿಸಿದಿರಾ? ಹಣ ಕೊಡುವವರೆಗೆ ಮೇಡಂ, ವಾಪಸು ಕೇಳಿದ ಮೇಲೆ ಆಂಟಿ. ನನಗೆ ಎರಡು ಸಾವಿರ ಹೋದದ್ದಕ್ಕಿಂತ ಇದು ಹೆಚ್ಚು ಚುಚ್ಚಿತು ಎಂದರೆ ನಗುತ್ತೀರಿ, ಆದರೂ ನಿಜ. ಜೊತೆಗೆ ಬಂದಿದ್ದ ಉಳಿದವರನ್ನು ಕೇಳಿದರೆ, ಇಬ್ಬರನ್ನು ಬಿಟ್ಟು ಎಲ್ಲರೂ ‘ಹೋಗಲಿ ಬಿಡಿ’ ಎಂದರು. ಹೋಗಲಿ ಬಿಡಿ ಎಂದ ಹತ್ತು ಮಂದಿಯ ಇಪ್ಪತ್ತು ಸಾವಿರ ಆತನ ಜೇಬಿನಲ್ಲಿ ಸುಖವಾಗಿದೆ.

ಇಲ್ಲಿಗೆ ಮುಗಿದಿದ್ದರೆ ನಾನೂ ಹೋಗಲಿ ಎನ್ನುತ್ತಿದ್ದೆನೇನೋ. ಕಳೆದ ವಾರ ಆತನ ಹೊಸ ಪೋಸ್ಟರನ್ನು ಗೆಳತಿಯೊಬ್ಬಳು ನನಗೇ ಕಳುಹಿಸಿ, “ಹೋಗೋಣವೇನೇ” ಎಂದು ಕೇಳಿದಳು. ಮಾರ್ಚ್ ತಿಂಗಳಲ್ಲಿ ಹಾಸನದ ಶೆಟ್ಟಿಹಳ್ಳಿಯ ಪಾಳು ಚರ್ಚ್‌ಗೆ ಪ್ರವಾಸ. ಮತ್ತೆ ಅದೇ ಕೆಂಪಕ್ಷರ, ‘ಲಿಖಿತ ಅನುಮತಿ ಸಹಿತ’. ಡಿಸೈನ್ ಮಾಡುವ ಹುಡುಗ ಮತ್ತೆ ಅದೇ ತಪ್ಪು ಮಾಡಿರಬೇಕು! ಚಿತ್ರದಲ್ಲಿ ಚರ್ಚ್ ಅರ್ಧ ನೀರಿನಲ್ಲಿ ಮುಳುಗಿದೆ, ಕೆಳಗೆ ‘ಹರಿಗೋಲಿನಿಂದ ಛಾಯಾಗ್ರಹಣ’ ಎಂಬ ಆಮಿಷ. ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಸಿದ ಆ ಚರ್ಚನ್ನು ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರು ಮುಳುಗಿಸುವುದು ಮಳೆಗಾಲದಲ್ಲಿ. ಬೇಸಿಗೆಗೆ ನೀರು ಇಳಿದು ಗೋಡೆಯ ಬುಡದವರೆಗೂ ನಡೆದೇ ಹೋಗುವಂತಾಗುತ್ತದೆ. ನಾನು ಮಗನ ಜೊತೆ ಒಂದು ಏಪ್ರಿಲ್‌ನಲ್ಲಿ ಹೋಗಿದ್ದಾಗ ಒಣಗಿದ ಮಣ್ಣಿನ ಮೇಲೆ ದನ ಮೇಯುತ್ತಿದ್ದವು, ನಮ್ಮಿಂದ ಯಾರೂ ಒಂದು ರೂಪಾಯಿ ಕೇಳಿರಲಿಲ್ಲ. ಮಾರ್ಚ್‌ನಲ್ಲಿ ಆತ ಹರಿಗೋಲನ್ನು ಎಲ್ಲಿ ತೇಲಿಸುತ್ತಾನೋ ನೋಡಬೇಕು.

ಅದೇ ಪೋಸ್ಟರಿನ ಮೂಲೆಯಲ್ಲಿ ನನ್ನ ಅಜ್ಜ ಇದ್ದರು. ಎತ್ತಿನ ಬಾಯಿ, ಹಲ್ಲು, ಹಿಂದಿನ ಧೂಳು, ಎಲ್ಲವೂ ನಾನು ಗುಂಪಿಗೆ ಹಾಕಿದ್ದ ಚಿತ್ರವೇ. ಮೇಲೆ ಆತನ ಲೋಗೋ. ಕೇಳಿದ್ದಕ್ಕೆ ಬಂದ ಉತ್ತರ: “ಗ್ರೂಪಿಗೆ ಹಾಕಿದ ಮೇಲೆ ಅದು ಗ್ರೂಪಿಂದೇ ಆಂಟಿ. ನಿಮಗೂ ಎಕ್ಸ್‌ಪೋಷರ್ ಸಿಕ್ತಲ್ಲ.” ಹೆಸರೇ ಹಾಕದ ಚಿತ್ರದಿಂದ ನನಗೆ ಯಾವ ಪ್ರಚಾರ ಸಿಗುತ್ತದೆಯೋ! 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹವ್ಯಾಸಕ್ಕಾಗಿ ತೆಗೆದ ಚಿತ್ರದ ಹಕ್ಕು ತೆಗೆದವರದೇ, ವಾಟ್ಸ್‌ಆಪ್‌ನಲ್ಲಿ ಹಂಚಿಕೊಂಡ ಮಾತ್ರಕ್ಕೆ ಅದು ಕೈಬದಲಾಗುವುದಿಲ್ಲ ಎಂದು ಬರೆದೆ. ಆಮೇಲೆ ನನ್ನನ್ನು ಗುಂಪಿನಿಂದ ತೆಗೆದುಹಾಕಿದ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ನನಗೆ ನಿವೃತ್ತಿಯ ಸಮಯ ಬೇಕಾದಷ್ಟಿದೆ. ಪಾಳು ಕಟ್ಟಡಕ್ಕೆ ಕರೆದೊಯ್ಯುತ್ತೇವೆ ಎನ್ನುವವರಿಂದ ಅನುಮತಿ ಪತ್ರದ ಪೂರ್ತಿ ಪುಟ ತರಿಸಿಕೊಳ್ಳಿ, ಅದರಲ್ಲಿ ‘ಅನುಮತಿ ನೀಡಲಾಗಿದೆ’ ಎಂಬ ಮಾತನ್ನು ನಿಮ್ಮ ಕಣ್ಣಿನಿಂದ ಓದಿ, ಓದುವ ಮೊದಲು ಹಣ ಹಾಕಬೇಡಿ. ಗುಂಪಿಗೆ ಮೂಲ ಗಾತ್ರದ ಚಿತ್ರ ಹಾಕಬೇಡಿ. ಆತನ ಹೆಸರು, ಸಂಖ್ಯೆ ಇಲ್ಲಿ ಬರೆಯುತ್ತಿಲ್ಲ, ದೂರು ನಡೆಯುತ್ತಿರುವಾಗ ಬೇಡ ಎಂದು ವಕೀಲರಾದ ನೆರೆಮನೆಯವರು ಹೇಳಿದ್ದಾರೆ. ಗುರುತು ಮಾತ್ರ ಹೇಳಬಲ್ಲೆ: ನೀರಿನಲ್ಲಿ ಮುಳುಗಿದ ಚರ್ಚ್, ಕೆಂಪಕ್ಷರ, ಮತ್ತು ಬಲಗಡೆಯ ಕೆಳಮೂಲೆಯಲ್ಲಿ ಹಸಿರು ರುಮಾಲು ಕಟ್ಟಿ ಎತ್ತಿನ ಹಲ್ಲು ನೋಡುತ್ತಿರುವ ಒಬ್ಬ ಅಜ್ಜ. ಆ ಅಜ್ಜ ಇರುವ ಪೋಸ್ಟರ್ ನಿಮ್ಮ ಫೋನಿಗೆ ಬಂದಿದ್ದರೆ ಅದು ಆತನದೇ.