ಗಿರಾಕಿಯನ್ನು ಕಳುಹಿಸಿದವರಿಗೆ ಕೃತಜ್ಞತೆ: ನಗದು ಪಾಲು, ಸಿಹಿ, ಫಲತಾಂಬೂಲ, ಕಾಗದಪತ್ರದ ನೆರವು

ತುಮಕೂರಿನಲ್ಲಿ ಸೈಟು, ಮನೆಗಳ ವ್ಯವಹಾರ ಮಾಡಿಸುವ ನಮ್ಮಂಥ ಸಣ್ಣ ಕಚೇರಿಗೆ ಜಾಹೀರಾತಿಗಿಂತ ಪರಿಚಯಸ್ಥರ ಮಾತೇ ಹೆಚ್ಚು ಕೆಲಸ ತರುತ್ತದೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಬಂದವರಾಗಲಿ, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಮೇಲೆ ಆ ದಿಕ್ಕಿನಲ್ಲಿ ನಿವೇಶನ ವಿಚಾರಿಸುವವರಾಗಲಿ, ಮಕ್ಕಳ ಓದಿಗೆಂದು ಶಿರಾ, ಪಾವಗಡದ ಕಡೆಯಿಂದ ನಗರಕ್ಕೆ ಬರುವವರಾಗಲಿ, ಮೊದಲು ಕೇಳುವುದು ತಮ್ಮ ಬಂಧುವನ್ನೋ ಸಹೋದ್ಯೋಗಿಯನ್ನೋ. ಆ ಬಂಧು ನಮ್ಮ ಹೆಸರು ಹೇಳಿದಾಗ ತನ್ನ ಮರ್ಯಾದೆಯನ್ನೂ ನಮ್ಮ ಕೈಗೆ ಕೊಟ್ಟಿರುತ್ತಾನೆ. ಈ ಉಪಕಾರಕ್ಕೆ ಕೃತಜ್ಞತೆ ತೋರಿಸಲು ನಾವು ಹಲವು ಬಗೆಗಳನ್ನು ಅನುಸರಿಸಿ ನೋಡಿದ್ದೇವೆ.

ಎಲ್ಲರಿಗೂ ಮೊದಲು ಹೊಳೆಯುವುದು ನಗದು. ನಮ್ಮ ಕಡೆ ಮಧ್ಯವರ್ತಿಯ ಕಮಿಷನ್ ಸಾಮಾನ್ಯವಾಗಿ ಮಾರಾಟದ ಮೊತ್ತದ ಶೇ 1ರಿಂದ 2ರಷ್ಟಿರುತ್ತದೆ. ಅದರಲ್ಲೊಂದು ಪಾಲನ್ನು ಗಿರಾಕಿ ಕಳಿಸಿದವರಿಗೆ ಕೊಡುವ ರೂಢಿ ಹಳೆಯದು. ಇದೇ ವೃತ್ತಿಯಲ್ಲಿರುವ ಇನ್ನೊಬ್ಬರು ಗಿರಾಕಿಯನ್ನು ಕರೆತಂದರೆ ಪಾಲು ಅವರ ದುಡಿಮೆಯ ಫಲ, ಅದನ್ನು ಮೊದಲೇ ಮಾತಾಡಿ, ಬರೆದು, ಬ್ಯಾಂಕಿನ ಮೂಲಕ ಕೊಡುವುದೇ ಸರಿ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆದಾಯ ತೆರಿಗೆಯ ಲೆಕ್ಕದಲ್ಲಿ ಅದನ್ನು ವ್ಯಾಪಾರದ ಖರ್ಚಾಗಿ ತೋರಿಸಲು ಬರುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಆದರೆ ಗೆಳೆಯರು, ಶಿಕ್ಷಕರು, ಹಿಂದೆ ನಮ್ಮಿಂದ ಮನೆ ಕೊಂಡವರು ಇಂಥವರಿಗೆ ಹಣ ಕೊಡುವುದು ಬೇರೆಯೇ ವಿಷಯ. 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ನಾವು ರೇರಾ ಎನ್ನುವ ಕಾಯ್ದೆ, ಶುಲ್ಕ ಪಡೆದು, ಆಸ್ತಿ ಕೊಳ್ಳುವವರನ್ನೂ ಮಾರುವವರನ್ನೂ ಪರಸ್ಪರ ಪರಿಚಯಿಸುವವರನ್ನು ಸಹ ಏಜೆಂಟ್ ಎಂಬ ವ್ಯಾಖ್ಯೆಯೊಳಗೆ ಸೇರಿಸುತ್ತದೆ. ರೇರಾದಲ್ಲಿ ನೋಂದಾಯಿತವಾದ ಬಡಾವಣೆಯ ನಿವೇಶನ ಮಾರಿಸುವ ಏಜೆಂಟರು ತಾವೂ ರೇರಾದಲ್ಲಿ ನೋಂದಣಿ ಮಾಡಿಸಿರಬೇಕು. ತಪ್ಪಿದರೆ ದಿನಕ್ಕೆ 10,000 ರೂಪಾಯಿಯಂತೆ, ಆ ಸ್ವತ್ತಿನ ಬೆಲೆಯ ಶೇ 5ರವರೆಗೂ ದಂಡ ಬೆಳೆಯಬಹುದು. ನಮಗೆ ಒಳ್ಳೆಯದನ್ನು ಬಯಸಿದ ಮೇಷ್ಟರನ್ನು ಇಂಥ ತೊಡಕಿನ ಹತ್ತಿರಕ್ಕೂ ಒಯ್ಯಬಾರದು. ಕಾನೂನಿನ ಮಾತು ಬಿಟ್ಟರೂ, ಹಣ ಪಡೆದ ಸಂಗತಿ ನಾಳೆ ಕೊಂಡವರ ಕಿವಿಗೆ ಬಿದ್ದರೆ, ‘ನಮ್ಮ ಒಳ್ಳೆಯದಕ್ಕೆ ಹೇಳಿದರೋ, ಕಮಿಷನ್ನಿಗೆ ಹೇಳಿದರೋ’ ಎಂಬ ಅನುಮಾನ ಹುಟ್ಟುತ್ತದೆ. ಎಷ್ಟೋ ಜನ ಲಕೋಟೆಯನ್ನು ಹಿಂದಕ್ಕೆ ತಳ್ಳಿ, ‘ಇದನ್ನೆಲ್ಲ ಇಟ್ಟುಕೊಳ್ಳಬೇಡಿ ಸ್ವಾಮಿ, ಅವರಿಗೆ ಸರಿಯಾದ ಸೈಟು ಕೊಡಿಸಿ ಸಾಕು’ ಎಂದಿದ್ದಾರೆ.

ದೀಪಾವಳಿಗೆ ಸಿಹಿ ಡಬ್ಬ ಕಳುಹಿಸುವುದು ಸುಲಭ, ತಪ್ಪೂ ಅಲ್ಲ. ಆದರೆ ಆ ವಾರ ಎಲ್ಲ ಅಂಗಡಿಗಳಿಂದಲೂ ಡಬ್ಬಗಳು ಬಂದಿರುತ್ತವೆ, ಯಾವುದು ಯಾರದೆಂದು ಮನೆಯವರಿಗೂ ನೆನಪಿರುವುದಿಲ್ಲ.

ಅದಕ್ಕಿಂತ ಎಷ್ಟೋ ಮೇಲು, ಮಾರಾಟದ ನೋಂದಣಿ ಮುಗಿದ ವಾರದಲ್ಲೇ ಮನೆಗೆ ಹೋಗಿ ಫಲತಾಂಬೂಲ ಕೊಟ್ಟು ಬರುವುದು. ವೀಳ್ಯದೆಲೆ, ಅಡಿಕೆ, ಹಣ್ಣು, ಜೊತೆಗೆ ತಿಪಟೂರಿನ ಉಂಡೆ ಕೊಬ್ಬರಿ. ಖರ್ಚು ಸಿಹಿ ಡಬ್ಬಕ್ಕಿಂತ ಹೆಚ್ಚೇನಿಲ್ಲ. ಬೆಲೆಯ ಲೆಕ್ಕ ಹಾಕಲಾಗದ ಈ ಮರ್ಯಾದೆಯನ್ನು ಹಿರಿಯರು ಸಂಕೋಚವಿಲ್ಲದೆ ಸ್ವೀಕರಿಸುತ್ತಾರೆ. ಇದಕ್ಕೆ ಸಮಯ ಬೇಕು, ನಾವೇ ಹೋಗಬೇಕು. ಹುಡುಗರ ಕೈಯಲ್ಲಿ ಕಳುಹಿಸಿದರೆ ಅರ್ಥವಿರುವುದಿಲ್ಲ.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಆಳವಾಗಿ ನಾಟಿದ್ದು ನಮ್ಮ ವೃತ್ತಿಯ ಜ್ಞಾನವನ್ನೇ ಅವರಿಗೆ ಕೊಡುವುದು. ಬಹಳ ಮನೆಗಳಲ್ಲಿ ಕಾಗದಪತ್ರದ ಯಾವುದೋ ಒಂದು ಕೆಲಸ ಉಳಿದಿರುತ್ತದೆ: ತಂದೆ ತೀರಿಕೊಂಡು ವರ್ಷಗಳಾದರೂ ಹಳ್ಳಿಯ ಜಮೀನಿಗೆ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಿರುವುದಿಲ್ಲ, ಪಂಚಾಯಿತಿ ವ್ಯಾಪ್ತಿಯ ನಿವೇಶನಕ್ಕೆ ಸರ್ಕಾರದ ಇ-ಸ್ವತ್ತು ತಂತ್ರಾಂಶದಲ್ಲಿ ಖಾತೆ ತೆಗೆಸಿರುವುದಿಲ್ಲ, ಆಸ್ತಿಯ ಮೇಲೆ ನೋಂದಣಿಯಾದ ವಹಿವಾಟುಗಳನ್ನು ತೋರಿಸುವ ಋಣಭಾರ ಪತ್ರವನ್ನು (ಇಸಿ) ಕೊಂಡ ದಿನದ ನಂತರ ಯಾರೂ ನೋಡಿರುವುದಿಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಅವರ ಲಾಗಿನ್‌ನಿಂದಲೇ ಇಸಿಗೆ ಅರ್ಜಿ ಹಾಕಿಸಿ, ನಮೂನೆ 15 ಬಂದರೆ ಅದರಲ್ಲಿ ನಮೂದಾದ ವಹಿವಾಟುಗಳನ್ನು ಸಾಲು ಸಾಲಾಗಿ ಓದಿ ಹೇಳಿ, ನಮೂನೆ 16 ಬಂದರೆ ಕೇಳಿದ ಅವಧಿಯಲ್ಲಿ ಯಾವ ವಹಿವಾಟೂ ದಾಖಲಾಗಿಲ್ಲವೆಂದು ತಿಳಿಸಿದರೆ, ಅವರ ಮುಖದಲ್ಲಿ ಕಾಣುವ ನೆಮ್ಮದಿಯನ್ನು ಯಾವ ಉಡುಗೊರೆಯೂ ತರಲಾರದು. ಇದಕ್ಕೆ ನಾವು ಶುಲ್ಕ ಪಡೆಯುವುದಿಲ್ಲ. ಸರ್ಕಾರಿ ಶುಲ್ಕವನ್ನು ಮಾತ್ರ ಅವರೇ ಕಟ್ಟುತ್ತಾರೆ. ವ್ಯಾಜ್ಯವಿರುವ ಆಸ್ತಿಯಾದರೆ ವಕೀಲರನ್ನು ಕಾಣಲು ಹೇಳಿ ಅಲ್ಲಿಗೇ ನಿಲ್ಲಿಸುತ್ತೇವೆ.

ಈ ಎಲ್ಲದರ ಜೊತೆಗೂ ಇರಲೇಬೇಕಾದದ್ದೊಂದಿದೆ, ಅದು ಸುದ್ದಿ ಮುಟ್ಟಿಸುವುದು. ನಗದು, ತಾಂಬೂಲ ಎರಡೂ ವ್ಯವಹಾರ ಕುದುರಿದ ಮೇಲಿನವು. ನಂಬಿ ಕಳುಹಿಸಿದ ಉಪಕಾರವಾದರೋ ವ್ಯವಹಾರ ಕುದುರದಿದ್ದರೂ ಉಪಕಾರವೇ. ಆದ್ದರಿಂದ ಗಿರಾಕಿ ಬಂದ ದಿನವೇ ಕಳುಹಿಸಿದವರಿಗೆ ಫೋನ್ ಮಾಡಿ ವಂದನೆ ಹೇಳುತ್ತೇವೆ. ಗಿರಾಕಿ ಒಪ್ಪಿದರೆ ಅಗ್ರಿಮೆಂಟ್ ಆದಾಗ, ನೋಂದಣಿಯಾದಾಗ ಮತ್ತೆ ತಿಳಿಸುತ್ತೇವೆ. ಬೆಲೆಯನ್ನೂ ಸಾಲದ ವಿವರವನ್ನೂ ಮಾತ್ರ ಯಾರು ಕೇಳಿದರೂ ಹೇಳುವುದಿಲ್ಲ.

ಈಗ ನಮ್ಮ ಕಚೇರಿಯಲ್ಲಿ ನಗದು ಪಾಲು ವೃತ್ತಿಯವರಿಗೆ ಮಾತ್ರ, ಉಳಿದವರಿಗೆ ಫೋನು ಮತ್ತು ಫಲತಾಂಬೂಲ. ಆಷಾಢದಲ್ಲಿ ಶುಭಕಾರ್ಯ ಬೇಡವೆಂದು ನೋಂದಣಿಯನ್ನು ಮುಂದೂಡುವವರೇ ಹೆಚ್ಚಾದ್ದರಿಂದ, ವರ್ಷದಲ್ಲಿ ನಮಗೆ ಗಿರಾಕಿಗಳನ್ನು ಕಳುಹಿಸಿದವರ ಕಾಗದಪತ್ರದ ಕೆಲಸಗಳನ್ನು ಆ ತಿಂಗಳಲ್ಲಿ ಮಾಡಿಕೊಡುತ್ತೇವೆ.